ಒಡಹುಟ್ಟಿದವರ ನಡುವೆ ಜಗಳ ಹಚ್ಚುವ ಕೋಶ

ಪ್ರಯೋಗಾಲಯದ ಇಲಿಗಳಲ್ಲಿ ಕೆಲವು ತಳಿಗಳ ಪ್ರತಿ ಇಲಿಯೂ ಇನ್ನೊಂದರ ಪಡಿಯಚ್ಚು. ಒಂದೇ ಸೂಲಿನ ಅಣ್ಣ-ತಂಗಿ ಇಲಿಗಳನ್ನು ಜೋಡಿ ಮಾಡುತ್ತಾರೆ. ಅವುಗಳ ಮರಿಗಳಲ್ಲಿ ಮತ್ತೆ ಅಣ್ಣ-ತಂಗಿಯರನ್ನೇ ಆರಿಸಿ ಜೋಡಿ ಮಾಡುತ್ತಾರೆ. ಹೀಗೆ ಕನಿಷ್ಠ 20 ತಲೆಮಾರು ಸಾಗಿಸಿದರೆ ತಾಯಿಯಿಂದ ಬಂದ ಜೀನಿಗೂ ತಂದೆಯಿಂದ ಬಂದ ಜೀನಿಗೂ ವ್ಯತ್ಯಾಸವೇ ಇಲ್ಲವೆನ್ನುವ ಸ್ಥಿತಿ ಬರುತ್ತದೆ. 1909ರಲ್ಲಿ ಹಾರ್ವರ್ಡಿನ ವಿದ್ಯಾರ್ಥಿ ಕ್ಲಾರೆನ್ಸ್ ಲಿಟ್ಲ್ ಈ ಕೆಲಸಕ್ಕೆ ಕೈ ಹಾಕಿದಾಗ, ಇಂಥ ಒಳಸಂಬಂಧದಿಂದ ತಳಿಯೇ ಕ್ಷೀಣಿಸಿ ಅಳಿದುಹೋಗುತ್ತದೆ ಎಂದು ಹೇಳಿದವರಿದ್ದರು. ತಳಿ ಅಳಿಯಲಿಲ್ಲ. ಇಪ್ಪತ್ತು ವರ್ಷದ ನಂತರ ಆತ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜ್ಯಾಕ್ಸನ್ ಪ್ರಯೋಗಾಲಯ ಕಟ್ಟಿದ. ಇವತ್ತಿಗೂ ಜಗತ್ತಿನ ಎಷ್ಟೋ ಪ್ರಯೋಗಶಾಲೆಗಳಿಗೆ ಇಲಿ ಹೋಗುವುದು ಅಲ್ಲಿಂದಲೇ.

ಈ ಇಲಿಗಳಿಂದ ಒಂದು ಗಟ್ಟಿ ನಿಯಮ ಸಿಕ್ಕಿತು. ಒಂದೇ ತಳಿಯ ಒಂದು ಇಲಿಯ ಚರ್ಮದ ತುಂಡನ್ನು ಇನ್ನೊಂದಕ್ಕೆ ಕಸಿ ಮಾಡಿದರೆ ಅದು ಕೊನೆಯತನಕ ಅಂಟಿಕೊಂಡಿರುತ್ತದೆ. ಬೇರೆ ತಳಿಯದಾದರೆ ಎರಡು ವಾರದೊಳಗೆ ಕಪ್ಪಾಗಿ, ಒಣಗಿ, ಉದುರುತ್ತದೆ. ದೇಹ ತನ್ನದನ್ನು ಒಪ್ಪುತ್ತದೆ, ಪರರದನ್ನು ಒಪ್ಪುವುದಿಲ್ಲ. ಇಷ್ಟು ಸರಳವಾಗಿದ್ದರೆ ಈ ಅಧ್ಯಾಯ ಬರೆಯುವ ಅಗತ್ಯ ಇರುತ್ತಿರಲಿಲ್ಲ.

1955ರಲ್ಲಿ ಮೊಂಟಾನಾ ರಾಜ್ಯದ ಗ್ರೇಟ್ ಫಾಲ್ಸ್ ಎಂಬ ಊರಿನಲ್ಲಿ ಅರ್ನ್ಸ್ಟ್ ಐಕ್‌ವಾಲ್ಡ್ ಮತ್ತು ಕ್ಲೈಡ್ ಸಿಲ್ಮ್‌ಸರ್ ಒಂದೇ ತಳಿಯ ಇಲಿಗಳ ನಡುವೆ ಚರ್ಮ ಕಸಿ ಮಾಡುತ್ತಿದ್ದರು. ಗಂಡಿನಿಂದ ಗಂಡಿಗೆ ಹಾಕಿದ ಚರ್ಮ ಅಂಟಿತು. ಹೆಣ್ಣಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ ಹಾಕಿದ್ದೂ ಅಂಟಿತು. ಗಂಡಿನ ಚರ್ಮವನ್ನು ಹೆಣ್ಣಿಗೆ ಹಾಕಿದಾಗ ಮಾತ್ರ ಕೆಲವು ವಾರಗಳಲ್ಲಿ ಉದುರಿಹೋಯಿತು. ಆ ತಳಿಯ ಗಂಡಿಗೂ ಹೆಣ್ಣಿಗೂ ಇದ್ದ ವ್ಯತ್ಯಾಸ ಒಂದೇ, ವೈ ವರ್ಣತಂತು. ಮಿಕ್ಕೆಲ್ಲ ಒಂದೇ ಆಗಿದ್ದರೂ ಅಷ್ಟು ಸಾಲದೆ ಹೋಯಿತು. ಅವರು ಬರೆದದ್ದು ಚಿಕ್ಕದೊಂದು ಟಿಪ್ಪಣಿ. ಅದನ್ನು ಬಿಡಿಸಲು ನಲವತ್ತು ವರ್ಷ ಹಿಡಿಯಿತು.

ಇದಕ್ಕೆ ಕೆಲವೇ ತಿಂಗಳ ಹಿಂದೆ, 1954ರ ಡಿಸೆಂಬರ್ 23ರಂದು, ಬಾಸ್ಟನ್‌ನಲ್ಲಿ ಜೋಸೆಫ್ ಮರ್ರಿ ಒಬ್ಬ ತದ್ರೂಪಿ ಅವಳಿಯ ಮೂತ್ರಪಿಂಡವನ್ನು ಇನ್ನೊಬ್ಬ ಅವಳಿಗೆ ಜೋಡಿಸಿದ್ದ. ಮೊದಲು ಅಣ್ಣತಮ್ಮಂದಿರ ನಡುವೆ ಚರ್ಮದ ಸಣ್ಣ ತುಂಡೊಂದನ್ನು ಕಸಿ ಮಾಡಿ, ಅದು ಅಂಟಿದ್ದನ್ನು ನೋಡಿಕೊಂಡೇ ಶಸ್ತ್ರಚಿಕಿತ್ಸೆಗೆ ಇಳಿದದ್ದು. ಮೂತ್ರಪಿಂಡ ಕೆಲಸ ಮಾಡಿತು, ರೋಗಿ ಎಂಟು ವರ್ಷ ಬದುಕಿದ. ಆದರೆ ತದ್ರೂಪಿ ಅವಳಿ ಇರುವ ರೋಗಿಗಳು ಎಷ್ಟು ಮಂದಿ? ಮಿಕ್ಕವರು ಮಾಡಬಹುದಾದದ್ದು ಅವಳಿಗೆ ಆದಷ್ಟು ಹತ್ತಿರದವರನ್ನು ಹುಡುಕುವುದು. ಆ ಹತ್ತಿರವನ್ನು ಅಳೆಯುವ ಕೋಲು ಎಚ್‌ಎಲ್‌ಎ.

ನಮ್ಮ ಆರನೆಯ ವರ್ಣತಂತುವಿನ ಮೇಲೆ ಒತ್ತಾಗಿ ಕುಳಿತಿರುವ ಒಂದು ಜೀನುಗುಂಪಿಗೆ ಆ ಹೆಸರು. ಮನುಷ್ಯರಿಂದ ಮನುಷ್ಯರಿಗೆ ಇಷ್ಟೊಂದು ಬದಲಾಗುವ ಜೀನುಗಳು ನಮ್ಮಲ್ಲಿ ಬೇರಾವುವೂ ಇಲ್ಲ. ಒತ್ತಾಗಿರುವುದರಿಂದ ಇಡೀ ಗುಂಪು ಒಟ್ಟಿಗೆ ಮಕ್ಕಳಿಗೆ ದಾಟುತ್ತದೆ. ತಾಯಿಯ ಎರಡರಲ್ಲಿ ಒಂದು, ತಂದೆಯ ಎರಡರಲ್ಲಿ ಒಂದು. ಹಾಗಾಗಿ ಒಡಹುಟ್ಟಿದ ಇಬ್ಬರಲ್ಲಿ ಎರಡೂ ಗುಂಪು ಒಂದೇ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಜ್ಜೆ ಕಸಿ ಬೇಕಾದ ಥಲಸ್ಸೀಮಿಯ ಮಗುವಿನ ತಂದೆತಾಯಿಗೆ ವೈದ್ಯರು ಹೇಳುವ ಶೇ. 25ರ ಲೆಕ್ಕ ಇದೇ. ಮನೆಯಲ್ಲಿ ಸಿಗದಿದ್ದರೆ ಹೊರಗಿನ ದಾನಿಗಳ ಪಟ್ಟಿ ನೋಡಬೇಕು. ಬೆಂಗಳೂರಿನ ಡಿಕೆಎಂಎಸ್‌ನಂಥ ಸಂಸ್ಥೆಗಳು ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದ ಕೋಶಗಳಲ್ಲಿ ನೋಡುವುದೂ ಈ ಜೀನುಗಳನ್ನೇ. 'ಮ್ಯಾಚ್ ಆಯ್ತು' ಎಂಬ ಮಾತು ಆಸ್ಪತ್ರೆಯಲ್ಲಿ ಕಿವಿಗೆ ಬಿದ್ದಾಗ ಮನೆಯವರಿಗೆ ಎಲ್ಲವೂ ಹೊಂದಿತು ಎಂದೇ ಅನ್ನಿಸುತ್ತದೆ. ಅಲ್ಲಿ ಹೊಂದಿದ್ದು ಒಂದೇ ಒಂದು.

ಎಚ್‌ಎಲ್‌ಎ ಜೀನುಗಳು ಮಾಡುವ ಪ್ರೋಟೀನು ಒಂದು ತಟ್ಟೆ. ಕೋಶದೊಳಗೆ ಹುಟ್ಟಿ ಸವೆದ ಪ್ರೋಟೀನುಗಳ ಚೂರುಗಳು, ಎಂಟು-ಹತ್ತು ಅಮೈನೋ ಆಮ್ಲದಷ್ಟು ಉದ್ದದ ಪೆಪ್ಟೈಡುಗಳು, ಈ ತಟ್ಟೆಯಲ್ಲಿ ಕುಳಿತು ಕೋಶದ ಮೇಲ್ಮೈಗೆ ಬರುತ್ತವೆ. ದೇಹ ಕಾಯುವ ಬಿಳಿ ರಕ್ತಕೋಶಗಳಲ್ಲಿ ಒಂದಾದ ಟಿ ಕೋಶ ನೋಡುವುದು ತಟ್ಟೆಯನ್ನೂ ಅದರಲ್ಲಿ ಬಡಿಸಿದ್ದನ್ನೂ ಒಟ್ಟಿಗೆ. 1974ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೋಹರ್ಟಿ ಕಂಡದ್ದು ಇದನ್ನೇ. ವೈರಸ್ ಹೊಕ್ಕ ಕೋಶವನ್ನು ಇಲಿಯ ಟಿ ಕೋಶ ಕೊಲ್ಲಬೇಕಾದರೆ ವೈರಸ್ಸೂ ಪರಿಚಿತವಾಗಿರಬೇಕು, ತಟ್ಟೆಯೂ ಆ ಇಲಿಯದೇ ಆಗಿರಬೇಕು. ಎಚ್‌ಎಲ್‌ಎ ಹೊಂದಿದ ಅಕ್ಕ-ತಮ್ಮಂದಿರ ಮನೆಗಳಲ್ಲಿ ತಟ್ಟೆಗಳು ಒಂದೇ ಅಂಗಡಿಯವು. ಒಳಗೆ ಬಡಿಸಿದ್ದು ಒಂದೇ ಎಂದು ಯಾರೂ ಮಾತು ಕೊಟ್ಟಿಲ್ಲ. ತದ್ರೂಪಿಗಳನ್ನು ಬಿಟ್ಟರೆ, ಯಾವ ಇಬ್ಬರು ಒಡಹುಟ್ಟಿದವರ ಪ್ರೋಟೀನುಗಳಲ್ಲೂ ಅಲ್ಲೊಂದು ಇಲ್ಲೊಂದು ಅಮೈನೋ ಆಮ್ಲ ಬದಲಾಗಿಯೇ ಇರುತ್ತದೆ.

ಇಷ್ಟಾದರೂ, ವ್ಯತ್ಯಾಸ ಇದೆ ಎಂಬುದೊಂದರಿಂದಲೇ ಏನೂ ಆಗುವುದಿಲ್ಲ. ಯಾರೋ ಅದನ್ನು ಟಿ ಕೋಶದ ಮುಂದೆ ಎತ್ತಿ ಹಿಡಿಯಬೇಕು. ಜಗಳ ಇಲ್ಲಿ ಹೊತ್ತಿಕೊಳ್ಳುವುದಲ್ಲ, ಹಚ್ಚುವವರೊಬ್ಬರು ಬೇಕು.

ಹಾಗೆ ಹಚ್ಚುವ ಬಗೆಯ ಕೋಶ ಮೊದಲು ಕಂಡದ್ದು 1868ರಲ್ಲಿ, ಬರ್ಲಿನ್‌ನ ವೈದ್ಯಕೀಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್‌ಗೆ. ಮನುಷ್ಯ ಚರ್ಮಕ್ಕೆ ಚಿನ್ನದ ಲವಣದ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಡಿ ಇಟ್ಟಾಗ, ಮೇಲ್ಪದರದಲ್ಲಿ ಕವಲುಕವಲಾದ ಕೋಶಗಳು ಕಂಡವು. ನರಕ್ಕೆ ಸೇರಿದವು ಇರಬೇಕು ಎಂದುಕೊಂಡ. ಆ ಊಹೆಯ ನೆರಳು ನೂರು ವರ್ಷ ಹೋಗಲಿಲ್ಲ. 1973ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋನ್ ಇಲಿಯ ಗುಲ್ಮದ ಕೋಶಗಳನ್ನು ಗಾಜಿನ ಮೇಲೆ ನೋಡುತ್ತಿದ್ದಾಗ, ನೂರರಲ್ಲಿ ಒಂದರಷ್ಟು ಕೋಶಗಳು ಉಳಿದವಂತಿರಲಿಲ್ಲ. ಕವಲುಗಳನ್ನು ಚಾಚುತ್ತಿದ್ದವು, ಒಳಗೆಳೆದುಕೊಳ್ಳುತ್ತಿದ್ದವು. ಸ್ಟೈನ್‌ಮನ್ ಅವನ್ನು ಡೆಂಡ್ರಿಟಿಕ್ ಕೋಶ ಎಂದು ಕರೆದ. ಟಿ ಕೋಶಗಳನ್ನು ಎಬ್ಬಿಸುವುದು ಮ್ಯಾಕ್ರೋಫೇಜು ಎಂಬ ನುಂಗುಕೋಶಗಳ ಕೆಲಸ ಎಂದು ಆಗ ಬಹುತೇಕ ಎಲ್ಲರೂ ನಂಬಿದ್ದರು. ಆ ಕಾಲದ ಪ್ರತಿರಕ್ಷಾ ವಿಜ್ಞಾನಿಗಳಿಗೆ ಇನ್ನೊಂದು ಕೋಶ ಬೇಕಾಗಿರಲಿಲ್ಲ.

ವಾದ ತೀರಿಸಲು ಒಂದು ಅಳತೆ ಬೇಕಿತ್ತು, ಅದು ಸಿದ್ಧವಾಗಿಯೇ ಇತ್ತು. 1964ರಲ್ಲಿ ಕೆನಡದ ಮಾಂಟ್ರಿಯಲ್‌ನಲ್ಲಿ ಬಾರ್ಬರಾ ಬೈನ್ ಮತ್ತು ಸಂಗಡಿಗರು ಇಬ್ಬರು ಅಪರಿಚಿತರ ಬಿಳಿ ರಕ್ತಕೋಶಗಳನ್ನು ಒಂದೇ ಗಾಜಿನ ಕೊಳವೆಯಲ್ಲಿ ಬೆರೆಸಿ ಕೆಲದಿನ ಬಿಟ್ಟು ನೋಡಿದ್ದರು. ಕೋಶಗಳು ಉಬ್ಬಿ ದೊಡ್ಡದಾಗಿ, ವಿಭಜನೆಗೆ ತೊಡಗಿದ್ದವು. ತದ್ರೂಪಿ ಅವಳಿಗಳ ರಕ್ತ ಬೆರೆಸಿದಾಗ ಏನೂ ಆಗಲಿಲ್ಲ. ಅದೇ ವರ್ಷ ಫ್ರಿಟ್ಜ್ ಬಾಖ್ ಮತ್ತು ಕರ್ಟ್ ಹಿರ್ಷ್‌ಹಾರ್ನ್ ಇದನ್ನೇ ದಾನಿ ಹೊಂದುವರೋ ಇಲ್ಲವೋ ನೋಡುವ ಪರೀಕ್ಷೆಯಾಗಿ ಬಳಸಬಹುದೆಂದರು. 1978ರಲ್ಲಿ ಸ್ಟೈನ್‌ಮನ್ ಮತ್ತು ಮಾರ್ಗರೆಟ್ ವಿಟ್ಮರ್ ಈ ಬೆರಕೆಯಲ್ಲಿ ಯಾವ ಕೋಶ ಯಾವ ಕೆಲಸ ಮಾಡುತ್ತದೆ ಎಂದು ಬಿಡಿಸಿ ನೋಡಿದರು. ಬೇರೆ ತಳಿಯ ಟಿ ಕೋಶಗಳನ್ನು ಕೆರಳಿಸುವುದರಲ್ಲಿ ಡೆಂಡ್ರಿಟಿಕ್ ಕೋಶ ಗುಲ್ಮದ ಉಳಿದ ಕೋಶಗಳಿಗಿಂತ ಕನಿಷ್ಠ 100 ಪಟ್ಟು ಜೋರಾಗಿತ್ತು. ಅಷ್ಟಕ್ಕೇ ಎಲ್ಲರೂ ಒಪ್ಪಿದರೆಂದಲ್ಲ, ಇನ್ನೂ ಹತ್ತು ವರ್ಷ ಹಿಡಿಯಿತು.

ನನಗೆ ಇದರ ಮುಂದಿನ ಪ್ರಯೋಗವೇ ಹೆಚ್ಚು ಕುತೂಹಲದ್ದು. ತಟ್ಟೆಯೇ ಬೇರೆಯಾದಾಗ ಟಿ ಕೋಶ ಕೆರಳುವುದು ಸಹಜ. ಅಪರಿಚಿತ ಎಚ್‌ಎಲ್‌ಎ ಕಂಡರೆ ನೂರರಲ್ಲಿ ಒಂದರಿಂದ ಹತ್ತರವರೆಗೆ ಟಿ ಕೋಶಗಳು ಎದ್ದು ನಿಲ್ಲುತ್ತವೆ. ಒಂದು ವೈರಸ್ಸಿನ ಒಂದು ಚೂರಿಗೆ ಏಳುವವು ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದು. ಆದರೆ ಎಲ್ಲವೂ ಒಂದೇ ಆಗಿರುವಾಗ? 1975ರಲ್ಲಿ ಲಾಸ್ ಏಂಜಲೀಸ್‌ನ ಗೆರ್ಹಾರ್ಡ್ ಓಪೆಲ್ಜ್ ಮತ್ತಿತರರು ಒಬ್ಬನೇ ಮನುಷ್ಯನ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸಿ, ಅದೇ ಮನುಷ್ಯನ ಬೇರೆ ಬಿಳಿ ಕೋಶಗಳ ಜೊತೆ ಮತ್ತೆ ಕೂಡಿಸಿದಾಗ ಟಿ ಕೋಶಗಳು ವಿಭಜಿಸಿದವು. ತನ್ನದೇ ಕೋಶ, ತನ್ನದೇ ಟಿ ಕೋಶ, ಆದರೂ ಪ್ರತಿಕ್ರಿಯೆ. 1980ರಲ್ಲಿ ಸ್ಟೈನ್‌ಮನ್‌ನ ವಿದ್ಯಾರ್ಥಿ ಮಿಶೆಲ್ ನುಸೆನ್ಸ್‌ವೈಗ್ ಒಂದೇ ತಳಿಯ ಇಲಿಗಳಲ್ಲಿ ಅದನ್ನೇ ಮಾಡಿ ನೋಡಿದ. ಇಲ್ಲಿಯೂ ಕೆರಳಿಸುವವು ಡೆಂಡ್ರಿಟಿಕ್ ಕೋಶಗಳೇ. ಪ್ರತಿಕ್ರಿಯೆ ಬೇರೆ ತಳಿಯ ನಡುವೆ ಇದ್ದಷ್ಟು ಜೋರಾಗಿರಲಿಲ್ಲ, ಸಾಕಷ್ಟು ಸಣ್ಣದೇ. ಆದರೆ ಇತ್ತು.

ಅನುಮಾನ ಪಟ್ಟವರಿದ್ದರು, ಪಡಬೇಕಾದದ್ದೇ. ಕೋಶಗಳನ್ನು ಸಾಕುವ ದ್ರಾವಣಕ್ಕೆ ಹುಟ್ಟದ ಕರುವಿನ ರಕ್ತದ ಸೀರಮ್ ಬೆರೆಸುವುದು ವಾಡಿಕೆ. ಡೆಂಡ್ರಿಟಿಕ್ ಕೋಶ ಹಸುವಿನ ಪ್ರೋಟೀನನ್ನೇ ಎತ್ತಿ ತೋರಿಸಿ, ಟಿ ಕೋಶ ಅದಕ್ಕೇ ಕೆರಳಿದ್ದರೆ? ಈ ತಕರಾರನ್ನು ಪಕ್ಕಕ್ಕಿಟ್ಟರೂ ಉಳಿಯುವ ಮಾತು ಒಂದಿದೆ. ಟಿ ಕೋಶ ತನ್ನದನ್ನು ನೋಡುವುದೇ ಇಲ್ಲ ಎಂಬ ಹಳೆಯ ನಂಬಿಕೆ ಸರಿಯಲ್ಲ. ಎದೆಗೂಡಿನೊಳಗಿನ ಥೈಮಸ್ ಗ್ರಂಥಿಯಲ್ಲಿ ಟಿ ಕೋಶ ಬೆಳೆಯುವಾಗ, ಸ್ವಂತ ಎಚ್‌ಎಲ್‌ಎಯನ್ನೂ ಅದರಲ್ಲಿನ ಸ್ವಂತ ಪೆಪ್ಟೈಡನ್ನೂ ಅಷ್ಟಿಷ್ಟು ಗುರುತಿಸಬಲ್ಲವಕ್ಕೆ ಮಾತ್ರ ಬದುಕು. ತೀರಾ ಗಟ್ಟಿಯಾಗಿ ಹಿಡಿದುಕೊಂಡವು ಅಲ್ಲೇ ಸಾಯುತ್ತವೆ. ಏನೂ ಗುರುತಿಸದವೂ ಸಾಯುತ್ತವೆ. ಹೊರಬಂದ ಮೇಲೂ ಟಿ ಕೋಶ ಆಗಾಗ ಡೆಂಡ್ರಿಟಿಕ್ ಕೋಶವನ್ನು ಮುಟ್ಟಿ, ಸ್ವಂತ ಪೆಪ್ಟೈಡುಗಳನ್ನು ಸೋಕುತ್ತ ಇರಬೇಕು. 2002ರಲ್ಲಿ ರೊನಾಲ್ಡ್ ಜರ್ಮೇನ್‌ರ ಪ್ರಯೋಗಾಲಯ ತೋರಿಸಿದಂತೆ, ಈ ಸ್ಪರ್ಶ ತಪ್ಪಿದರೆ ಟಿ ಕೋಶದ ಚುರುಕು ಇಳಿಯುತ್ತದೆ. ಹೊರಗಿನ ವೈರಿ ಬಂದಾಗ ಗುರುತಿಸುವುದು ತಡವಾಗುತ್ತದೆ. ತನ್ನದರ ಸಣ್ಣ ಗುರುತು ಇಲ್ಲದೆ ಪರರದರ ದೊಡ್ಡ ಗುರುತೂ ಇಲ್ಲ.

ದುಗ್ಧಗ್ರಂಥಿಯೊಳಗೆ ಈ ಮುಟ್ಟಾಟ ಎಷ್ಟು ಬಿರುಸಾಗಿ ನಡೆಯುತ್ತದೆ ಎಂಬುದು ಜೀವಂತ ಅಂಗಾಂಶದ ಒಳಗೆ ಇಣುಕುವ ಲೇಸರ್ ಸೂಕ್ಷ್ಮದರ್ಶಕಗಳು ಬಂದ ಮೇಲೆ ತಿಳಿಯಿತು. 2003ರಲ್ಲಿ ಫಿಲಿಪ್ ಬೂಸೊ ಮತ್ತು ಎಲೆನ್ ರೋಬಿ ಮಾಡಿದ ಎಣಿಕೆ: ಒಂದು ಡೆಂಡ್ರಿಟಿಕ್ ಕೋಶ ಗಂಟೆಗೆ ಕನಿಷ್ಠ 500 ಬೇರೆ ಬೇರೆ ಟಿ ಕೋಶಗಳನ್ನು ಸಂಧಿಸುತ್ತದೆ, ಒಂದೇ ಹೊತ್ತಿಗೆ ಹತ್ತರ ಜೊತೆ ತಗುಲಿಕೊಂಡಿರಬಲ್ಲದು. ಲಕ್ಷಕ್ಕೊಂದಿರುವ ಟಿ ಕೋಶ ತನಗೆ ಬೇಕಾದ ಪೆಪ್ಟೈಡನ್ನು ಒಂದೆರಡು ದಿನದೊಳಗೆ ಹೇಗೆ ಹುಡುಕಿಕೊಳ್ಳುತ್ತದೆ ಎಂಬುದಕ್ಕೆ ಈ ವೇಗದಲ್ಲೇ ಉತ್ತರ ಇದೆ. ಹೊಂದದಿದ್ದರೆ ಕೆಲವು ನಿಮಿಷ ತಡಕಾಡಿ ಮುಂದೆ ಹೋಗುತ್ತದೆ. ಹೊಂದಿದರೆ ಗಂಟೆಗಟ್ಟಲೆ ಕಚ್ಚಿಕೊಂಡಿರುತ್ತದೆ.

ಕಚ್ಚಿಕೊಂಡ ಮೇಲೆ ಏನಾಗುತ್ತದೆ ಎಂಬುದನ್ನು ನಿರ್ಧರಿಸುವುದು ಪೆಪ್ಟೈಡ್ ಅಲ್ಲ. ಈ ಅಧ್ಯಾಯದಲ್ಲಿ ನೆನಪಿಡಬೇಕಾದ ಪ್ರಯೋಗ ಒಂದೇ ಒಂದಿದ್ದರೆ ಅದು 2001ರದು. ನುಸೆನ್ಸ್‌ವೈಗ್, ಸ್ಟೈನ್‌ಮನ್ ಮತ್ತು ಡೇನಿಯಲ್ ಹವಿಗರ್, ಡೆಂಡ್ರಿಟಿಕ್ ಕೋಶದ ಮೇಲಿರುವ ಒಂದು ಗ್ರಾಹಕಕ್ಕೆ ನೇರ ಹೋಗಿ ಅಂಟುವ ಪ್ರತಿಕಾಯಕ್ಕೆ ಪೆಪ್ಟೈಡ್ ಕಟ್ಟಿ ಇಲಿಗೆ ಚುಚ್ಚಿದರು. ಕಾಯಿಲೆ ಇಲ್ಲ, ಉರಿಯೂತ ಇಲ್ಲ, ದೇಹ ಶಾಂತ. ಆ ಪೆಪ್ಟೈಡನ್ನು ಗುರುತಿಸುವ ಟಿ ಕೋಶಗಳು ವಿಭಜಿಸಿದವು, ಸಂಖ್ಯೆ ಏರಿತು. ವಾರ ಕಳೆಯುವಷ್ಟರಲ್ಲಿ ಬಹುಪಾಲು ಮಾಯವಾದವು. ಉಳಿದವಕ್ಕೆ ಅದೇ ಪೆಪ್ಟೈಡನ್ನು ಮತ್ತೆ ಕೊಟ್ಟರೂ ಜಗ್ಗಲಿಲ್ಲ. ಅದೇ ಪ್ರಯೋಗವನ್ನು, ಡೆಂಡ್ರಿಟಿಕ್ ಕೋಶವನ್ನು ಎಚ್ಚರಿಸುವ ಇನ್ನೊಂದು ಪ್ರತಿಕಾಯದ ಜೊತೆ ಮಾಡಿದಾಗ, ಟಿ ಕೋಶಗಳು ಬೆಳೆದವು, ಉಳಿದವು, ಕಾದಾಟಕ್ಕೆ ತಯಾರಾದವು. ಪೆಪ್ಟೈಡ್ ಒಂದೇ, ತಟ್ಟೆ ಒಂದೇ, ಟಿ ಕೋಶ ಒಂದೇ. ಬದಲಾದದ್ದು ತೋರಿಸುವವನ ಸ್ಥಿತಿ. ಶಾಂತವಾಗಿರುವ ಡೆಂಡ್ರಿಟಿಕ್ ಕೋಶ ತೋರಿಸಿದ್ದನ್ನು ಟಿ ಕೋಶ ಸಹಿಸಿಕೊಳ್ಳಲು ಕಲಿಯುತ್ತದೆ. ಎಚ್ಚೆತ್ತ ಕೋಶ ತೋರಿಸಿದರೆ ದಾಳಿಗೆ ಏಳುತ್ತದೆ.

ಅದನ್ನು ಎಚ್ಚರಿಸುವುದೇನು? 1989ರಲ್ಲಿ ಚಾರ್ಲ್ಸ್ ಜೇನ್‌ವೇ ಊಹಿಸಿದ್ದು ಬಹುಮಟ್ಟಿಗೆ ನಿಜವಾಯಿತು: ಬ್ಯಾಕ್ಟೀರಿಯ, ವೈರಸ್ಸುಗಳ ಮೈಮೇಲಿನ ಕೆಲವು ಗುರುತುಗಳು. ಸತ್ತ, ಒಡೆದ ಸ್ವಂತ ಕೋಶಗಳಿಂದ ಸೋರುವ ವಸ್ತುಗಳೂ ಆ ಕೆಲಸ ಮಾಡುತ್ತವೆ. ಎಚ್ಚೆತ್ತ ಡೆಂಡ್ರಿಟಿಕ್ ಕೋಶ ನುಂಗುವುದನ್ನು ನಿಲ್ಲಿಸಿ, ಚರ್ಮದಿಂದಲೋ ಕರುಳಿನಿಂದಲೋ ಹೊರಟು ಹತ್ತಿರದ ದುಗ್ಧಗ್ರಂಥಿ ಸೇರುತ್ತದೆ. ಮೈಮೇಲೆ ಬಿ7 ಎಂಬ ಪ್ರೋಟೀನನ್ನು ಹೆಚ್ಚಿಸಿಕೊಳ್ಳುತ್ತದೆ. ಟಿ ಕೋಶದ ಮೇಲಿನ ಸಿಡಿ28 ಎಂಬ ಪ್ರೋಟೀನು ಅದನ್ನು ಮುಟ್ಟಿದಾಗಲೇ ಎರಡನೆಯ ಸಂಕೇತ ಸಿಗುವುದು. ಮೊದಲ ಸಂಕೇತವಷ್ಟೇ, ಅಂದರೆ ತಟ್ಟೆ ಮತ್ತು ಪೆಪ್ಟೈಡಷ್ಟೇ ಸಿಕ್ಕ ಟಿ ಕೋಶ ಮಂಕಾಗುತ್ತದೆ.

ಈಗ ಆಸ್ಪತ್ರೆಗೆ ಬರಬಹುದು. 1970ರ ದಶಕದ ನಡುವೆ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಒಬ್ಬ ಮಹಿಳೆಗೆ ಎಚ್‌ಎಲ್‌ಎ ಪೂರ್ತಿ ಹೊಂದಿದ ಸಹೋದರನ ಮಜ್ಜೆ ಕೊಟ್ಟರು. ಆಕೆಯ ಮಜ್ಜೆಯಲ್ಲಿ ರಕ್ತ ಉತ್ಪತ್ತಿಯೇ ನಿಂತಿತ್ತು. ಕಸಿ ನಿಲ್ಲಲಿಲ್ಲ. ಎಲ್ಸ್ ಹೌಲ್ಮಿ ಆಕೆಯ ರಕ್ತದ ಟಿ ಕೋಶಗಳನ್ನು ಗಾಜಿನ ಕೊಳವೆಯಲ್ಲಿ ಬೇರೆ ಬೇರೆಯವರ ಕೋಶಗಳ ಎದುರು ಬಿಟ್ಟು ನೋಡಿದರು. ಎಚ್‌ಎಲ್‌ಎ-ಎ2 ಎಂಬ ಬಗೆಯ ತಟ್ಟೆ ಇದ್ದ ಗಂಡಸರ ಕೋಶಗಳನ್ನು ಅವು ಕೊಂದವು. ಎ2 ಇದ್ದ ಹೆಂಗಸರ ಕೋಶಗಳನ್ನು ಮುಟ್ಟಲಿಲ್ಲ. ಐಕ್‌ವಾಲ್ಡ್‌ನ ಇಲಿಗಳಲ್ಲಿ ಕಂಡದ್ದೇ ಮನುಷ್ಯರಲ್ಲೂ ಇತ್ತು. ಆ ಗಂಡು ಪೆಪ್ಟೈಡುಗಳಲ್ಲಿ ಒಂದು ಯಾವುದೆಂದು ಗೊತ್ತಾದದ್ದು 1995ರಲ್ಲಿ. ವೈ ವರ್ಣತಂತುವಿನ ಒಂದು ಜೀನಿನ ಪ್ರೋಟೀನಿನ ಚೂರು ಅದು. ಎಕ್ಸ್ ವರ್ಣತಂತುವಿನಲ್ಲಿ ಅದರ ಜೋಡಿ ಜೀನಿದೆ, ಆದರೆ ಅಕ್ಷರ ಅಲ್ಲಲ್ಲಿ ಬೇರೆ. 1998ರಲ್ಲಿ ಹೌಲ್ಮಿಯ ತಂಡ ಎಚ್‌ಎ-1 ಎಂಬ ಇನ್ನೊಂದನ್ನು ಬಿಡಿಸಿತು. ಒಂಬತ್ತು ಅಮೈನೋ ಆಮ್ಲಗಳ ಸರದಲ್ಲಿ ಮೂರನೆಯದು ಕೆಲವರಲ್ಲಿ ಹಿಸ್ಟಿಡೀನ್, ಕೆಲವರಲ್ಲಿ ಆರ್ಜಿನೀನ್. ಆರ್ಜಿನೀನ್ ಇದ್ದದ್ದು ತಟ್ಟೆಯಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಒಂದೇ ಒಂದು ಅಮೈನೋ ಆಮ್ಲ ಬದಲಾದದ್ದರಿಂದ ಒಬ್ಬರ ಕೋಶದ ಮೇಲೆ ಪೆಪ್ಟೈಡ್ ಇದೆ, ಇನ್ನೊಬ್ಬರದರ ಮೇಲೆ ಇಲ್ಲ.

ಇಂಥವನ್ನು ಕಿರಿಯ ಹೊಂದಾಣಿಕೆ ಪ್ರತಿಜನಕಗಳು ಎನ್ನುತ್ತಾರೆ. 'ಕಿರಿಯ' ಎಂದದ್ದು ರೋಗಿಗೆ ಸಮಾಧಾನ ತರುವಂಥದ್ದಲ್ಲ. ಎಚ್‌ಎಲ್‌ಎ ಹೊಂದಿದ ಒಡಹುಟ್ಟಿದವರ ಮಜ್ಜೆ ಪಡೆದು, ತಡೆಯುವ ಔಷಧ ನುಂಗುತ್ತಿದ್ದರೂ, ಮೂರರಲ್ಲಿ ಒಂದು ಭಾಗದಿಂದ ಅರ್ಧದವರೆಗಿನ ರೋಗಿಗಳಲ್ಲಿ ಹೊಸ ಟಿ ಕೋಶಗಳು ರೋಗಿಯ ಮೇಲೆ ತಿರುಗಿ ಬೀಳುತ್ತವೆ. ಅಂಗೈ-ಅಂಗಾಲಿನಿಂದ ತೊಡಗುವ ದದ್ದು, ಭೇದಿ, ಕಾಮಾಲೆ. ಚರ್ಮ, ಕರುಳು, ಯಕೃತ್ತು, ಈ ಮೂರೇ ಮುಖ್ಯ ಗುರಿ. ಗಂಡು ರೋಗಿಗೆ ಹೆಣ್ಣು ದಾನಿಯಾದಾಗ, ಅದರಲ್ಲೂ ಹೆತ್ತ ಹೆಣ್ಣಾದಾಗ, ಇದರ ಅಪಾಯ ಹೆಚ್ಚು. ಗರ್ಭದಲ್ಲಿ ಮಗನ ಕೋಶಗಳು ತಾಯಿಯ ರಕ್ತಕ್ಕೆ ದಾಟುತ್ತವೆ, ಆಕೆಯ ಟಿ ಕೋಶಗಳು ಗಂಡು ಪೆಪ್ಟೈಡನ್ನು ಆಗಲೇ ನೋಡಿಬಿಟ್ಟಿರುತ್ತವೆ.

ದಾನಿಯ ಟಿ ಕೋಶಗಳಿಗೆ ರೋಗಿಯ ಪೆಪ್ಟೈಡನ್ನು ತೋರಿಸುವವರು ಯಾರು? ಸಹಜ ಉತ್ತರ ಎರಡು. ರೋಗಿಯ ದೇಹದಲ್ಲಿ ಉಳಿದುಕೊಂಡ ಡೆಂಡ್ರಿಟಿಕ್ ಕೋಶಗಳು ತಮ್ಮದನ್ನೇ ನೇರವಾಗಿ ತೋರಿಸಬಹುದು. ಅಥವಾ ದಾನಿಯ ಮಜ್ಜೆಯಿಂದ ಹುಟ್ಟಿದ ಹೊಸ ಡೆಂಡ್ರಿಟಿಕ್ ಕೋಶಗಳು ರೋಗಿಯ ಸತ್ತ ಕೋಶಗಳನ್ನು ನುಂಗಿ, ಅದರ ಚೂರುಗಳನ್ನು ತಮ್ಮ ತಟ್ಟೆಯಲ್ಲಿ ಇಟ್ಟು ತೋರಿಸಬಹುದು. ಎಚ್‌ಎಲ್‌ಎ ಒಂದೇ ಆಗಿರುವುದರಿಂದ ಇಲ್ಲಿ ಎರಡು ದಾರಿಯೂ ತೆರೆದಿವೆ. ಹೊಂದದ ದಾನಿಗಳ ನಡುವೆ ಈ ಎರಡು ದಾರಿಗಳಲ್ಲಿ ಕಾಣುವ ತಟ್ಟೆಗಳೇ ಬೇರೆ ಬೇರೆ.

1999ರಲ್ಲಿ ಯೇಲ್‌ನ ವಾರೆನ್ ಶ್ಲೋಮ್‌ಚಿಕ್ ಮತ್ತು ಸಂಗಡಿಗರು ಇದನ್ನು ಅಂದವಾಗಿ ಬಿಡಿಸಿದರು. ಎರಡು ತಳಿಯ ಇಲಿ ತೆಗೆದುಕೊಂಡರು. ಎರಡಕ್ಕೂ ದೊಡ್ಡ ಹೊಂದಾಣಿಕೆಯ ಜೀನುಗಳು, ಅಂದರೆ ನಮ್ಮ ಎಚ್‌ಎಲ್‌ಎಯ ಇಲಿ ರೂಪ, ಒಂದೇ, ಕಿರಿಯವು ಹಲವು ಬೇರೆ. ಒಡಹುಟ್ಟಿದವರ ಕಸಿಯ ಇಲಿ ಮಾದರಿ ಎನ್ನಬಹುದು. ಕಸಿ ಪಡೆಯಬೇಕಾದ ಇಲಿಯ ಮಜ್ಜೆಯನ್ನು ಮೊದಲೇ ಬದಲಿಸಿ, ಅದರ ಡೆಂಡ್ರಿಟಿಕ್ ಕೋಶಗಳು ಎರಡು ದರ್ಜೆಯ ತಟ್ಟೆಗಳಲ್ಲಿ ಒಂದನೆಯ ದರ್ಜೆಯದನ್ನೇ ಹಿಡಿಯಲಾರದಂತೆ ಮಾಡಿದರು. ಚರ್ಮ, ಕರುಳಿನ ಕೋಶಗಳಲ್ಲಿ ತಟ್ಟೆ ಇದ್ದಂತೆಯೇ ಇತ್ತು, ಪೆಪ್ಟೈಡೂ ಇತ್ತು. ಆಮೇಲೆ ದಾನಿಯ ಮಜ್ಜೆಯನ್ನೂ, ಆ ದರ್ಜೆಯ ತಟ್ಟೆಯನ್ನು ನೋಡುವ ಸಿಡಿ8 ಟಿ ಕೋಶಗಳನ್ನೂ ಕೊಟ್ಟರು. ಕಾಯಿಲೆ ಬರಲಿಲ್ಲ. ದಾಳಿಗೆ ಗುರಿ ಇದ್ದರೂ ದಾಳಿಗೆ ಹಚ್ಚುವವರು ಇರಲಿಲ್ಲ. ದಾನಿಯ ಡೆಂಡ್ರಿಟಿಕ್ ಕೋಶಗಳಿಂದ ಆ ಜಾಗ ತುಂಬಲಾಗಲಿಲ್ಲ. ರೋಗಿಯ ಸ್ವಂತ ಕೋಶಗಳೇ, ಕಸಿಗೆ ಮುಂಚೆ ಕೊಡುವ ಕಿಮೋಥೆರಪಿ ಮತ್ತು ವಿಕಿರಣದ ನಂತರ ಕೆಲದಿನ ಮಾತ್ರ ಉಳಿಯಬೇಕಾದವು, ಬಂದ ಅತಿಥಿಗಳಿಗೆ ಮನೆಯವರನ್ನೇ ಬೊಟ್ಟು ಮಾಡಿ ತೋರಿಸಿಕೊಡುತ್ತವೆ.

ಅದೂ ಶಾಂತ ಸ್ಥಿತಿಯಲ್ಲಿ ಅಲ್ಲ. ವಿಕಿರಣದಿಂದ ಕರುಳಿನ ಗೋಡೆ ಸಡಿಲವಾಗಿ ಬ್ಯಾಕ್ಟೀರಿಯದ ಹೊದಿಕೆಯ ಚೂರುಗಳು ರಕ್ತಕ್ಕೆ ಸೋರುತ್ತವೆ, ಡೆಂಡ್ರಿಟಿಕ್ ಕೋಶ ಎಚ್ಚೆತ್ತು ಕೂರುತ್ತದೆ. ಕರುಳಿನಲ್ಲಿ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಈ ಕಾಯಿಲೆ ಸೌಮ್ಯವಾಗಿರುವುದು 1970ರ ದಶಕದಲ್ಲೇ ಕಂಡಿತ್ತು. ಕಾರಣ ಆಗ ಯಾರಿಗೂ ಸ್ಪಷ್ಟವಿರಲಿಲ್ಲ. ಚರ್ಮದ ಕತೆ ಇನ್ನೂ ವಿಚಿತ್ರ. ಲ್ಯಾಂಗರ್‌ಹಾನ್ಸ್ ಕಂಡ ಆ ಕವಲುಕೋಶಗಳು ಮಜ್ಜೆಯಿಂದ ಬಂದು ತುಂಬಿಕೊಳ್ಳುವವಲ್ಲ, ಚರ್ಮದಲ್ಲೇ ವಿಭಜಿಸಿ ತಮ್ಮ ಸಂಖ್ಯೆ ಉಳಿಸಿಕೊಳ್ಳುತ್ತವೆ. ಮಿರಿಯಮ್ ಮೆರಾಡ್ ಮತ್ತು ಸಂಗಡಿಗರು ತೋರಿಸಿದಂತೆ, ಮಜ್ಜೆ ಪೂರ್ತಿ ದಾನಿಯದಾದ ಮೇಲೂ ಇಲಿಯ ಚರ್ಮದಲ್ಲಿ ರೋಗಿಯ ಲ್ಯಾಂಗರ್‌ಹಾನ್ಸ್ ಕೋಶಗಳು ಬಹುಕಾಲ ಉಳಿಯಬಲ್ಲವು. ರಕ್ತ ಪರೀಕ್ಷೆಯಲ್ಲಿ ನೂರಕ್ಕೆ ನೂರು ದಾನಿಯ ಕೋಶ ಎಂದು ಬಂದರೂ, ಚರ್ಮದಲ್ಲಿ ಹಳಬರು ಇದ್ದಾರೆ.

ಶ್ಲೋಮ್‌ಚಿಕ್‌ರ ಉತ್ತರ ಸಿಡಿ8 ಕೋಶಗಳ ಮಟ್ಟಿಗೆ ಗಟ್ಟಿಯಾಗಿ ನಿಂತಿದೆ. ಎರಡನೆಯ ದರ್ಜೆಯ ತಟ್ಟೆಯನ್ನು ನೋಡುವ ಸಿಡಿ4 ಟಿ ಕೋಶಗಳ ವಿಷಯ ಅಷ್ಟು ಸ್ಪಷ್ಟವಾಗಿಲ್ಲ. 2012ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್‌ನ ಮೊಟೊಕೊ ಕೊಯಾಮಾ ಮತ್ತು ಜೆಫ್ ಹಿಲ್ ತಂಡ, ರಕ್ತಮೂಲದ್ದಲ್ಲದ ರೋಗಿಯ ಕೋಶಗಳೂ ಸಿಡಿ4 ಕೋಶಗಳನ್ನು ಕೆರಳಿಸಿ ಕಾಯಿಲೆ ತರಬಲ್ಲವು ಎಂದು ತೋರಿಸಿತು. ಡೆಂಡ್ರಿಟಿಕ್ ಕೋಶಗಳನ್ನಷ್ಟೇ ತೆಗೆದುಹಾಕಿದರೆ ಸಾಕು ಎಂದು ಆಸೆಪಟ್ಟವರಿಗೆ ಅದು ನಿರಾಸೆಯ ಸುದ್ದಿ. ಅಷ್ಟಕ್ಕೂ ಸಾಕಾಗಿದ್ದರೂ ತೆಗೆಯಬೇಕೇ ಎಂಬುದು ಬೇರೆ ಪ್ರಶ್ನೆ.

ಯಾಕೆಂದರೆ ರಕ್ತದ ಕ್ಯಾನ್ಸರಿಗೆ ಈ ಜಗಳ ಬೇಕು. ತದ್ರೂಪಿ ಅವಳಿಯಿಂದ ಮಜ್ಜೆ ಪಡೆಯುವವರು ಅದೃಷ್ಟವಂತರು ಎನ್ನಿಸುವುದು ಸಹಜ. ಡಾನಲ್ ಥಾಮಸ್ 1950ರ ದಶಕದಲ್ಲಿ ರಕ್ತದ ಕ್ಯಾನ್ಸರಿನ ರೋಗಿಗಳಿಗೆ ಮಜ್ಜೆ ಕೊಡಲು ಹೊರಟಾಗ ಅವಳಿಗಳನ್ನೂ ಕೈಗೆತ್ತಿಕೊಂಡಿದ್ದ. ಆದರೆ 1990ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ಜೋಡಿಸಿ ನೋಡಿದಾಗ, ಅವಳಿಯ ಮಜ್ಜೆ ಪಡೆದವರಲ್ಲಿ ಕ್ಯಾನ್ಸರ್ ಮರುಕಳಿಸುವುದು ಒಡಹುಟ್ಟಿದವರ ಮಜ್ಜೆ ಪಡೆದವರಿಗಿಂತ ಹೆಚ್ಚಾಗಿತ್ತು. ಕಿರಿಯ ಪ್ರತಿಜನಕಗಳ ವ್ಯತ್ಯಾಸ ಇಲ್ಲದಲ್ಲಿ, ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುವವರು ಇಲ್ಲ. ಅದೇ ವರ್ಷ ಮ್ಯೂನಿಕ್‌ನ ಹಾನ್ಸ್ ಕೋಲ್ಬ್, ಕಸಿಯ ನಂತರ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯ ಮರುಕಳಿಸಿದ ರೋಗಿಗಳಿಗೆ ದಾನಿಯ ಬಿಳಿ ಕೋಶಗಳನ್ನು ಮತ್ತೆ ಕೊಟ್ಟು, ಕಾಯಿಲೆ ಇಳಿದದ್ದನ್ನು ವರದಿ ಮಾಡಿದ. ಬೇರೆ ರಕ್ತದ ಕ್ಯಾನ್ಸರುಗಳಿಗಿಂತ ಇದರಲ್ಲಿ ಈ ಉಪಾಯ ಎಷ್ಟೋ ಚೆನ್ನಾಗಿ ನಡೆಯುತ್ತದೆ. ಈ ಲ್ಯುಕೇಮಿಯದಲ್ಲಿ ಹುಟ್ಟುವ ಡೆಂಡ್ರಿಟಿಕ್ ಕೋಶಗಳೂ ಅದೇ ಕೆಟ್ಟ ವರ್ಣತಂತು ಹೊತ್ತಿರುತ್ತವೆ ಎಂದು ನಂತರ ತಿಳಿಯಿತು. ಕ್ಯಾನ್ಸರು ತನ್ನದೇ ಗುರುತನ್ನು ತಾನೇ ಟಿ ಕೋಶಗಳಿಗೆ ತೋರಿಸಿಕೊಡುತ್ತದೆ ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಎಚ್‌ಎ-1ರ ಬೆಲೆಯೂ ಇಲ್ಲಿಯೇ. ಅದು ರಕ್ತಮೂಲದ ಕೋಶಗಳಲ್ಲಿ ಮಾತ್ರ ಕಾಣುತ್ತದೆ, ಚರ್ಮದಲ್ಲಿ, ಕರುಳಿನಲ್ಲಿ ಇಲ್ಲ. ಅದನ್ನೇ ಗುರಿಯಾಗಿಸಿದ ಟಿ ಕೋಶ ರೋಗಿಯ ಹಳೆಯ ರಕ್ತವನ್ನೂ ಕ್ಯಾನ್ಸರನ್ನೂ ಕೊಂದು, ಉಳಿದ ಮೈಯನ್ನು ಬಿಡಬಲ್ಲದು.

ಪೂರ್ತಿ ಒಂದೇ ಆಗಿದ್ದರೂ ಜಗಳ ತಪ್ಪುವುದಿಲ್ಲ ಎಂಬುದಕ್ಕೆ ಒಂದು ಸಾಕ್ಷಿ ಉಳಿದಿದೆ. 1979ರಲ್ಲಿ ಬಾಸ್ಟನ್ ವೈದ್ಯರು ತದ್ರೂಪಿ ಅವಳಿಯ ಮಜ್ಜೆ ಪಡೆದ ರೋಗಿಗಳಲ್ಲೂ ಅಂಥದೇ ದದ್ದು ಕಂಡಿದ್ದನ್ನು ಬರೆದಾಗ ನಂಬುವುದು ಕಷ್ಟವಾಗಿತ್ತು. ನಾಲ್ಕು ವರ್ಷದ ನಂತರ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹೆಗ್ಗಣಗಳಿಗೆ ವಿಕಿರಣ ಕೊಟ್ಟು, ಅದೇ ತಳಿಯ ಮಜ್ಜೆ ಹಾಕಿ, ಸೈಕ್ಲೋಸ್ಪೋರಿನ್ ಔಷಧವನ್ನು ಕೆಲಕಾಲ ಕೊಟ್ಟು ನಿಲ್ಲಿಸಿದರು. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಕಾಯಿಲೆ ಬಂತು. ಔಷಧವು ಥೈಮಸ್ಸಿನಲ್ಲಿ ಸಾಯಬೇಕಾಗಿದ್ದ, ತನ್ನದನ್ನೇ ಗಟ್ಟಿಯಾಗಿ ಹಿಡಿಯುವ ಟಿ ಕೋಶಗಳನ್ನು ಉಳಿಸಿಬಿಟ್ಟಿತ್ತು. ವಿಕಿರಣವು ಅವನ್ನು ಅಂಕೆಯಲ್ಲಿಡುವ ನಿಯಂತ್ರಕ ಟಿ ಕೋಶಗಳನ್ನು ಅಳಿಸಿತ್ತು. ಶಿಮೊನ್ ಸಕಾಗುಚಿ 1995ರಲ್ಲಿ ಗುರುತು ಹಚ್ಚಿ, 2025ರಲ್ಲಿ ನೊಬೆಲ್‌ಗೆ ಪಾಲುದಾರನಾದದ್ದು ಆ ಕೋಶಗಳ ಕೆಲಸಕ್ಕೇ. ಸ್ಟೈನ್‌ಮನ್‌ನ ತಂಡ 2003ರಲ್ಲಿ ಇನ್ನೊಂದು ವಿಷಯ ಸೇರಿಸಿತು: ಈ ನಿಯಂತ್ರಕ ಕೋಶಗಳನ್ನು ಹೆಚ್ಚಿಸುವುದೂ ಡೆಂಡ್ರಿಟಿಕ್ ಕೋಶಗಳೇ. ಹಚ್ಚುವ, ಆರಿಸುವ ಎರಡು ಕೆಲಸವೂ ಒಬ್ಬರ ಕೈಯಲ್ಲೇ ಇದೆ.

ಸ್ಟೈನ್‌ಮನ್ ಸ್ವತಃ ಈ ಕೋಶಗಳನ್ನು ತನ್ನ ಮೇಲೆ ಪ್ರಯೋಗಿಸಿಕೊಂಡ. 2007ರಲ್ಲಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾದಾಗ, ಬೇರೆ ಚಿಕಿತ್ಸೆಗಳ ಜೊತೆ ತನ್ನದೇ ಡೆಂಡ್ರಿಟಿಕ್ ಕೋಶಗಳಿಗೆ ಗಡ್ಡೆಯ ಅಂಶ ತಿನ್ನಿಸಿ ಮಾಡಿದ ಲಸಿಕೆಯನ್ನೂ ಹಾಕಿಸಿಕೊಂಡ. ಅದರಿಂದ ಎಷ್ಟು ಉಪಯೋಗವಾಯಿತೆಂದು ಒಬ್ಬನೇ ರೋಗಿಯಿಂದ ಹೇಳಲಾಗದು ಎಂಬುದು ಅವನಿಗಿಂತ ಚೆನ್ನಾಗಿ ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡ, ಮೂರು ದಿನದ ಮೇಲೆ ನೊಬೆಲ್ ಘೋಷಣೆಯಾಯಿತು. ಸಾವು ತಿಳಿಯದೆ ಕೊಟ್ಟದ್ದರಿಂದ ಸಮಿತಿ ಬಹುಮಾನ ಹಿಂದೆಗೆಯಲಿಲ್ಲ.

ಈಗ ಒಂದೇ ಮಗುವಿರುವ ಮನೆಗಳು ಹೆಚ್ಚಾಗಿ, ನಾಲ್ಕರಲ್ಲಿ ಒಂದರ ಲೆಕ್ಕವೂ ದಕ್ಕದ ರೋಗಿಗಳು ಬಹಳ. ಅವರಿಗೆ ಅರ್ಧ ಮಾತ್ರ ಹೊಂದುವ ತಂದೆ, ತಾಯಿ, ಮಗ, ಮಗಳ ಮಜ್ಜೆ ಕೊಡುವುದು ನಮ್ಮ ದೇಶದಲ್ಲೂ ನಡೆಯುತ್ತಿದೆ. ಅದಕ್ಕೆ ದಾರಿ ಮಾಡಿದ್ದು ಮತ್ತೆ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಲಿಯೊ ಲುಜ್ನಿಕ್ ಮತ್ತು ಎಫ್ರಾಯಿಮ್ ಫುಕ್ಸ್ ರೂಪಿಸಿದ ಸರಳ ಉಪಾಯ. ಮಜ್ಜೆ ಕೊಟ್ಟು ಮೂರನೆಯ ಮತ್ತು ನಾಲ್ಕನೆಯ ದಿನ ಸೈಕ್ಲೋಫಾಸ್ಫಮೈಡ್ ಎಂಬ ಹಳೆಯ, ಅಗ್ಗದ ಕ್ಯಾನ್ಸರ್ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಅಷ್ಟು ಹೊತ್ತಿಗೆ ರೋಗಿಯ ಡೆಂಡ್ರಿಟಿಕ್ ಕೋಶಗಳನ್ನು ಸಂಧಿಸಿ ಕೆರಳಿದ ದಾನಿಯ ಟಿ ಕೋಶಗಳು ಬಿರುಸಾಗಿ ವಿಭಜಿಸುತ್ತಿರುತ್ತವೆ, ಔಷಧಕ್ಕೆ ಮೊದಲು ಸಿಕ್ಕಿಬೀಳುವವು ಅವೇ. ಕೆರಳದೆ ಸುಮ್ಮನಿದ್ದ ಟಿ ಕೋಶಗಳು ಬಹುಪಾಲು ಪಾರಾಗುತ್ತವೆ. ಔಷಧದ ವಿಷವನ್ನು ಒಡೆಯುವ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಕಿಣ್ವವನ್ನು ಕೂಡಿಟ್ಟುಕೊಂಡಿರುವ ರಕ್ತದ ಮೂಲಕೋಶಗಳಿಗೂ ಏನೂ ಆಗುವುದಿಲ್ಲ, ಹೊಸ ಮಜ್ಜೆ ಬೇರೂರುತ್ತದೆ. ನಿಯಂತ್ರಕ ಟಿ ಕೋಶಗಳು ಕೆರಳಿದಾಗ ಅದೇ ಕಿಣ್ವವನ್ನು ಹೆಚ್ಚಿಸಿಕೊಂಡು ಉಳಿದುಕೊಳ್ಳುತ್ತವೆ.